ಕಾಲೇಜು ಆಟಗಾರರಿಗೆ ಜಾಹೀರಾತು ಬಂದರೆ ಏನು ಮಾಡಬೇಕು? ಸಹಿಗೆ ಮೊದಲು ಇಷ್ಟು ನೋಡಿ

ಅಮೆರಿಕದ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗಿ ಒಂದು ಶೂ ಜಾಹೀರಾತಿಗೆ ದುಡ್ಡು ತಗೊಂಡಿದ್ದರೆ, 2021ರ ಜೂನ್‌ವರೆಗೆ ಅವಳು ತಂಡದಲ್ಲಿ ಆಡುವ ಅರ್ಹತೆಯನ್ನೇ ಕಳೆದುಕೊಳ್ಳಬೇಕಿತ್ತು. ಆ ವರ್ಷ ಜುಲೈ 1ರಿಂದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಈ ಬಿಗಿ ಸಡಿಲಿಸಿತು. ಅದೇ ದಿನ ಫ್ರೆಸ್ನೊ ಸ್ಟೇಟ್ ಕಾಲೇಜಿನ ಅವಳಿ ಆಟಗಾರ್ತಿಯರು ಹೇಲಿ ಮತ್ತು ಹಾನಾ ಕ್ಯಾವಿಂಡರ್ ಬೂಸ್ಟ್ ಮೊಬೈಲ್ ಎಂಬ ಫೋನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡರು. ಬಹಳ ಮೊದಲೇ ಆಗಬೇಕಿದ್ದ ಕೆಲಸ ಇದು. ಹೆಸರು, ಮುಖ, ಗುರುತು ಬಳಸಿ ದುಡಿಯುವ ಈ ಹಕ್ಕನ್ನು ಅಲ್ಲಿ ಎನ್‌ಐಎಲ್ ಅಂತಾರೆ. ಅಲ್ಲಿ ಓದುವ ನಮ್ಮ ಕನ್ನಡದ ಮನೆಗಳ ಮಕ್ಕಳಿಗೂ ಇದು ಗೊತ್ತಿರಲಿ.

ಆಫರ್ ಬಂದ ತಕ್ಷಣ ಹೋಗಬೇಕಾದ್ದು ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ, ಅಂದರೆ ಆಟಗಾರರು ನಿಯಮ ಪಾಲಿಸುತ್ತಿದ್ದಾರಾ ಅಂತ ನೋಡುವ ಕಚೇರಿಗೆ. ಕಾಲೇಜಿನ ಲೋಗೊ, ಜೆರ್ಸಿ ಸುಮ್ನೆ ಬಳಸುವ ಹಾಗಿಲ್ಲ, ಅದಕ್ಕೆ ಅನುಮತಿ ಬೇಕು. ಕೆಲವು ರಾಜ್ಯಗಳಲ್ಲಿ ಮದ್ಯ, ತಂಬಾಕು, ಜೂಜಿನ ಜಾಹೀರಾತು ಮಾಡುವಂತಿಲ್ಲ. 2025ರಿಂದ ಡಿವಿಷನ್ 1 (ಎನ್‌ಸಿಎಎಯ ಮೇಲಿನ ದರ್ಜೆ) ಆಟಗಾರರು ಕಾಲೇಜಿನ ಹೊರಗಿನವರ ಜೊತೆಗಿನ 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಮೊತ್ತದ ಒಪ್ಪಂದಗಳನ್ನು ಎನ್‌ಐಎಲ್ ಗೋ ಎಂಬ ವ್ಯವಸ್ಥೆಯಲ್ಲಿ ತಿಳಿಸಬೇಕು. ಚಿಯರ್‌ಲೀಡರ್‌ಗಳ ಕಥೆ ಸ್ವಲ್ಪ ಬೇರೆ. ಚಿಯರ್‌ಲೀಡಿಂಗ್ ಎನ್‌ಸಿಎಎ ಪಟ್ಟಿಯ ಕ್ರೀಡೆ ಅಲ್ಲ, ಹಾಗಾಗಿ ಅವರನ್ನು ಕಟ್ಟಿಹಾಕುವುದು ತಂಡದ್ದೇ ನಿಯಮಗಳು. ಯೂನಿಫಾರ್ಮ್ ಹಾಕಿಕೊಂಡು ರೀಲ್ ಮಾಡಬಹುದಾ ಅಂತ ಕೋಚ್ ಹತ್ತಿರ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತಗೊಳ್ಳಿ.

ಇನ್ನು ಕರಾರು ಪತ್ರ. ನಿಧಾನ ಮಾಡಬೇಕಾದ್ದು ಇಲ್ಲೇ. ಒಂದು ಪ್ರೋಟೀನ್ ಬಾರ್ ಕಂಪನಿ ಮೂರು ರೀಲ್‌ಗೆ 500 ಡಾಲರ್ ಕೊಡ್ತೀವಿ ಅಂದಿತು ಅಂದುಕೊಳ್ಳಿ. ಮೊದಲ ಪುಟದಲ್ಲಿ ಆ 500 ದಪ್ಪ ಅಕ್ಷರದಲ್ಲಿ ಇರುತ್ತದೆ, ನಾಲ್ಕನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 'ಈ ವಿಡಿಯೊಗಳನ್ನು ಎಲ್ಲ ಮಾಧ್ಯಮಗಳಲ್ಲಿ ಶಾಶ್ವತವಾಗಿ ಬಳಸುವ ಹಕ್ಕು ಕಂಪನಿಯದು' ಅಂತ ಒಂದು ಸಾಲು ಇರಬಹುದು, ಅಂದರೆ ಹತ್ತು ವರ್ಷದ ನಂತರವೂ ನಿಮ್ಮ ಮುಖ ಅವರ ಪ್ಯಾಕೆಟ್ ಮೇಲೆ. ಆ 'ಶಾಶ್ವತ'ವನ್ನು ಹೊಡೆದು 'ಆರು ತಿಂಗಳು' ಅಂತ ಬರೆಸಿ. ಬೇರೆ ತಿಂಡಿ ಕಂಪನಿ ಜೊತೆ ಕೆಲಸ ಮಾಡಬಾರದು ಅಂತ ಇದೆಯಾ, ದುಡ್ಡು ಯಾವಾಗ ಕೈಗೆ ಬರುತ್ತೆ, ಇವನ್ನೂ ನೋಡಿ.

ಫ್ಲಾರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ಆಟಗಾರ ಜರ್ವಾನ್ ಡೆಕ್ಸ್‌ಟರ್ 2022ರಲ್ಲಿ ಒಂದು ಕಂಪನಿಯಿಂದ 4,36,485 ಡಾಲರ್ ತಗೊಂಡರು. ಅದಕ್ಕೆ ಬದಲು ಮುಂದೆ ಎನ್‌ಎಫ್‌ಎಲ್‌ನಲ್ಲಿ (ಅಲ್ಲಿನ ವೃತ್ತಿಪರ ಫುಟ್ಬಾಲ್ ಲೀಗ್) 25 ವರ್ಷ ದುಡಿಯುವುದರಲ್ಲಿ ತೆರಿಗೆಗೂ ಮೊದಲೇ 15% ಕೊಡಬೇಕು ಅಂತ ಒಪ್ಪಂದ. ಮರುವರ್ಷ ಅವರು ಕೋರ್ಟಿಗೆ ಹೋಗಬೇಕಾಯಿತು. ಕಾಲೇಜು ವಯಸ್ಸಿನ ಹುಡುಗನಿಗೆ ಅಷ್ಟು ದೊಡ್ಡ ಮೊತ್ತ ತೋರಿಸಿದರೆ 25 ವರ್ಷ ಎಲ್ಲಿ ಕಾಣುತ್ತೆ, ಅಲ್ವಾ? ವಕೀಲರಿಗೆ ತೋರಿಸದೆ ಸಹಿ ಬೇಡ, ಅವತ್ತೇ ಸಹಿ ಹಾಕಿ ಅಂತ ಅವಸರ ಮಾಡುವವರ ಸಹವಾಸವೂ ಬೇಡ.

ಪೋಸ್ಟ್ ಹಾಕುವಾಗ ಇದು ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಬರೆಯಿರಿ. ದುಡ್ಡಲ್ಲ, ಬರೀ ಶೂ ಕೊಟ್ಟರು ಅಂದರೂ ಬರೆಯಬೇಕು. ಆ ಶೂನ ಬೆಲೆಯೂ ಆದಾಯವೇ, ಅದಕ್ಕೂ ತೆರಿಗೆ ಇದೆ. ಸ್ವಂತ ದುಡಿಮೆ ಅಂತ ಲೆಕ್ಕವಾಗುವುದರಿಂದ ಆದಾಯ ತೆರಿಗೆ ಅಲ್ಲದೆ, ದುಡಿದದ್ದರ ಮೇಲೆ 15.3% ತೆರಿಗೆ ಬೇರೆ ಬೀಳುತ್ತದೆ. ಬಂದದ್ದರಲ್ಲಿ ಮೂರನೇ ಒಂದು ಭಾಗ ಬೇರೆ ಅಕೌಂಟಿಗೆ ಹಾಕಿಡಿ.

ಇಲ್ಲಿಂದ ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ, ಹೋದವರು ಮಾತ್ರ ತುಂಬಾ ಹುಷಾರಾಗಿರಬೇಕು. ಅಲ್ಲೇ ಹುಟ್ಟಿದ ಗೆಳತಿ ಮಾಡಿದಳು ಅಂತ ನೀವೂ ರೀಲ್ ಮಾಡಿ ದುಡ್ಡು ತಗೊಂಡರೆ ಅದು ಅನುಮತಿ ಇಲ್ಲದ ಕೆಲಸ ಅನ್ನಿಸಿಕೊಂಡು ವೀಸಾಕ್ಕೇ ಕುತ್ತು ಬರಬಹುದು. ಕಾಂಗೋದಿಂದ ಬಂದು ಕೆಂಟಕಿಯಲ್ಲಿ ಆಡುತ್ತಿದ್ದ ಆಸ್ಕರ್ ಶೀಬ್ವೆ 2022ರಲ್ಲಿ ತಂಡದ ಜೊತೆ ಬಹಾಮಾಸ್‌ಗೆ ಹೋದಾಗ, ಅಮೆರಿಕದ ನೆಲದಿಂದ ಹೊರಗೆ, ಇಂಥ ಕೆಲಸ ಮಾಡಿಕೊಂಡು ಬಂದಿದ್ದರು. ನಿಮಗೂ ಅಂಥ ದಾರಿ ಇದೆಯಾ ಅಂತ ವಲಸೆ ಕಾನೂನಿನ ವಕೀಲರನ್ನು ಕೇಳಿ. ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿಗೂ ಹೇಳಿ. ಅವರಿಬ್ಬರೂ ಸರಿ ಅನ್ನುವವರೆಗೆ ಬಿಟ್ಟಿ ಟೀ ಶರ್ಟನ್ನೂ ತಗೊಳ್ಳಬೇಡಿ.