ಡೀಲರ್ ಹೇಳಿದ್ದರ ಅರ್ಧ ದುಡ್ಡಿಗೆ ಕಾರ್ ಇನ್ಶೂರೆನ್ಸ್: ಕ್ಲೇಮ್ ಪಾಸಾದ ಮೇಲೆ ಬರೆಯುತ್ತಿದ್ದೇನೆ

2020ರಿಂದಲೂ ನನ್ನ ಕಾರಿನ ಪಾಲಿಸಿಯನ್ನು ನಾನೇ ಹುಡುಕಿ ತಗೊಳ್ಳುತ್ತಿದ್ದೇನೆ. "ಹೊರಗಡೆಯಿಂದ ತಂದ ಪಾಲಿಸಿಗೆ ನಮ್ಮಲ್ಲಿ ಕ್ಲೇಮ್ ಆಗಲ್ಲ ಸಾರ್" ಎಂದು ಶೋರೂಮಿನವರು ಪ್ರತಿ ವರ್ಷ ಹೇಳುತ್ತಿದ್ದರು. ನಮ್ಮ ಭಾವನದೂ ಅದೇ ಮಾತು, "ಅಪಘಾತ ಆದ ದಿನ ಗೊತ್ತಾಗುತ್ತೆ ಬಿಡು". ಇಷ್ಟು ವರ್ಷ ಕ್ಲೇಮೇ ಬರಲಿಲ್ಲವಾದ್ದರಿಂದ ನನ್ನ ಹತ್ತಿರ ಉತ್ತರವೂ ಇರಲಿಲ್ಲ. 2025ರ ಮಳೆಗಾಲದಲ್ಲಿ ಸುಮಾರು 51,000 ರೂಪಾಯಿಯ ಬಿಲ್ಲಿಗೆ ಕೈಯಿಂದ 2,000 ಚಿಲ್ಲರೆ ಮಾತ್ರ ಕೊಟ್ಟು ಕಾರು ಬಿಡಿಸಿಕೊಂಡು ಬಂದೆ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕಾರು 2019ರ ಅಕ್ಟೋಬರಿನ ಸ್ವಿಫ್ಟ್ ಪೆಟ್ರೋಲ್, 1197 ಸಿಸಿ. ಕೊಂಡಾಗ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಕಾರಿನಿಂದ ಬೇರೆಯವರಿಗಾಗುವ ನಷ್ಟಕ್ಕೆ) ಮತ್ತು ಒಂದು ವರ್ಷದ ಓನ್ ಡ್ಯಾಮೇಜ್ (ನಮ್ಮ ಕಾರಿನ ನಷ್ಟಕ್ಕೆ) ಸೇರಿದ ಪಾಲಿಸಿ ಬಂದಿತ್ತು. ಮರುವರ್ಷ ಓನ್ ಡ್ಯಾಮೇಜ್ ಮಾತ್ರ ನವೀಕರಿಸಲು ಶೋರೂಮಿನವರು 14,000ದ ಆಸುಪಾಸು ಕೇಳಿದರು. ಬರೀ ಓನ್ ಡ್ಯಾಮೇಜ್ ಪಾಲಿಸಿಯನ್ನು ಬೇರೆ ಕಂಪನಿಯಲ್ಲಿ ತಗೊಳ್ಳಲು 2019ರ ಸೆಪ್ಟೆಂಬರಿನಿಂದಲೇ ಅವಕಾಶ ಇದೆ ಅಂದಾಗ ಕೌಂಟರಿನಲ್ಲಿದ್ದ ಹುಡುಗ ಒಳಗೆ ಹೋಗಿ ಕೇಳಿಕೊಂಡು ಬಂದ. ಅದೇ ಐಡಿವಿಗೆ (ಪಾಲಿಸಿಯಲ್ಲಿ ಕಾರಿಗೆ ಕಟ್ಟುವ ಬೆಲೆ), ಝೀರೋ ಡೆಪ್ (ಪಾರ್ಟ್ಸ್ ಬೆಲೆಯಲ್ಲಿ ಹಳೆಯದೆಂದು ಕಡಿತ ಮಾಡದ ಕವರ್) ಸೇರಿಸಿ, ಹೊರಗೆ ನನಗೆ 6,500ಕ್ಕೆ ಸಿಕ್ಕಿತು.

ಚೌಕಾಶಿ ಎಲ್ಲಿ ಮಾಡಬೇಕು ಎನ್ನುವುದರಲ್ಲೇ ಇಡೀ ವಿಷಯ ಇದೆ. ಥರ್ಡ್ ಪಾರ್ಟಿ ದರವನ್ನು ಸರ್ಕಾರ ನಿಗದಿ ಮಾಡುತ್ತದೆ. 2022ರ ಜೂನ್ 1ರ ದರಪಟ್ಟಿಯ ಪ್ರಕಾರ 1000 ಸಿಸಿ ಒಳಗಿನ ಕಾರಿಗೆ 2,094, 1500ರ ಒಳಗೆ 3,416, ಅದಕ್ಕೂ ಮೇಲೆ 7,897. ನನ್ನ ಕಾರಿಗೆ 3,416ರ ಮೇಲೆ ಶೇ 18 ಜಿಎಸ್‌ಟಿ ಸೇರಿ 4,031. ಯಾವ ಕಂಪನಿಗೆ ಹೋದರೂ ಇದು ಒಂದೇ. ಹಾಗಾಗಿ ಕೋಟ್ ಕೈಗೆ ಬಂದ ಕೂಡಲೇ ಮೊದಲು ಈ ಮೊತ್ತವನ್ನು ಕಳೆದುಬಿಡುತ್ತೇನೆ. ಉಳಿದ ದುಡ್ಡಿನಲ್ಲಿ ಮಾತ್ರ ಎರಡು ಕಂಪನಿಗಳನ್ನು ಹೋಲಿಸುತ್ತೇನೆ. ಒಟ್ಟು ಮೊತ್ತ ನೋಡಿದರೆ 10-15 ಪರ್ಸೆಂಟ್ ವ್ಯತ್ಯಾಸ ಕಾಣುವ ಕಡೆ, ಹೀಗೆ ಬಿಡಿಸಿ ನೋಡಿದಾಗ ಕೆಲವೊಮ್ಮೆ ಆ ವ್ಯತ್ಯಾಸ ಸುಮಾರು ದುಪ್ಪಟ್ಟು ಕಾಣುತ್ತದೆ.

ಐಡಿವಿ ಇಳಿಸಿ ಅಗ್ಗ ಮಾಡುವ ಆಟಕ್ಕೆ ನಾನು ಹೋಗುವುದಿಲ್ಲ. ಒಂದು ವರ್ಷ ಎಲ್ಲಕ್ಕಿಂತ ಕಡಿಮೆಯ ಕೋಟ್ ಬಂತು ಅಂತ ತೆಗೆದು ನೋಡಿದರೆ ಐಡಿವಿಯನ್ನೇ 70,000ದಷ್ಟು ಕೆಳಗೆ ಇಟ್ಟಿದ್ದರು. ಸರಿಯಾದ ಐಡಿವಿ ಹಾಕಿಸಿದಾಗ ಪ್ರೀಮಿಯಂ ಏರಿದ್ದು ನಾನೂರು ರೂಪಾಯಿ ಇರಬೇಕು, ಅಷ್ಟೇ. ಕಾರು ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿ ಟೋಟಲ್ ಲಾಸ್ ಆದರೆ, ಆ 70,000 ಯಾರ ಜೇಬಿನಿಂದ? ಥರ್ಡ್ ಪಾರ್ಟಿ ಆಸ್ತಿ ನಷ್ಟದ ಮಿತಿಯನ್ನು ಏಳೂವರೆ ಲಕ್ಷದಿಂದ 6,000ಕ್ಕೆ ಇಳಿಸಿ ನೂರು ರೂಪಾಯಿ ಉಳಿಸಿಕೊಡುತ್ತೇನೆ ಎಂದ ಏಜೆಂಟನ್ನೂ ನೋಡಿದ್ದೇನೆ. ಇನ್ನೊಬ್ಬರ ಕಾರಿನ ಒಂದು ಹೆಡ್‌ಲೈಟಿಗೂ 6,000 ಸಾಲುವುದಿಲ್ಲ. ಹಾಗೆಯೇ, ಎಂದಾದರೂ ಸಂಬಳದ ಡ್ರೈವರ್ ಇಟ್ಟುಕೊಳ್ಳುವವರು 50 ರೂಪಾಯಿಯ ಡ್ರೈವರ್ ಹೊಣೆ ಕವರನ್ನು ತೆಗೆಸಬೇಡಿ.

ವಾಲಂಟರಿ ಡಿಡಕ್ಟಿಬಲ್ ಒಂದು ವರ್ಷ ಹಾಕಿ ನೋಡಿದೆ. ಕ್ಲೇಮ್ ಬಂದಾಗ ಮೊದಲ 2,500 ನಾವೇ ಹೊರುತ್ತೇವೆ ಎಂದರೆ ಹಳೆಯ ಟ್ಯಾರಿಫ್ ಲೆಕ್ಕದಲ್ಲಿ ರಿಯಾಯಿತಿ ಹೆಚ್ಚೆಂದರೆ 750. 15,000ಕ್ಕೆ ಒಪ್ಪಿದರೂ ಗರಿಷ್ಠ 2,500. ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕಳೆದ ಮೇಲೆ ನನಗೆ ಉಳಿದದ್ದು ನಾನೂರರ ಹತ್ತಿರ. ಮರುವರ್ಷ ಕೈಬಿಟ್ಟೆ. ಕಿಲೋಮೀಟರ್ ಲೆಕ್ಕದ ಪಾಲಿಸಿಯೂ ನನಗೆ ಕೈಕೊಟ್ಟಿತು. 5,000 ಕಿ.ಮೀ. ಸ್ಲ್ಯಾಬ್ ತಗೊಂಡೆ, ಊರಿನ ಓಡಾಟ, ಮದುವೆ, ಆಸ್ಪತ್ರೆ ಅಂತ ಒಂಬತ್ತನೇ ತಿಂಗಳಿಗೇ ಮುಗಿಯಿತು. ಟಾಪ್ ಅಪ್ ಹಾಕಿಸಿದ್ದರಲ್ಲಿ ಉಳಿತಾಯ ಪೂರ್ತಿ ಹೋಯಿತು. ಮನೆಯಲ್ಲಿ ಎರಡನೇ ಕಾರು ಇದ್ದು ಅದು ನಿಂತೇ ಇರುತ್ತದೆ ಅನ್ನುವವರಿಗೆ ಮಾತ್ರ ಅದು ಸರಿ.

ಇನ್ನೊಂದು ವರ್ಷ ಬಹಳ ಅಗ್ಗಕ್ಕೆ ಕೊಟ್ಟ ಕಂಪನಿಯೊಂದು ಪಾಲಿಸಿಯಲ್ಲಿ ಚಾಸಿಸ್ ನಂಬರಿನ ಒಂದು ಅಂಕೆಯನ್ನು ತಪ್ಪಾಗಿ ಹಾಕಿತ್ತು. ನಾನು ತುಂಬಿದ ಫಾರಂನಲ್ಲಿ ಸರಿಯಾಗೇ ಇತ್ತು. ತಿದ್ದುಪಡಿಗೆ ಮೇಲ್ ಮೇಲೆ ಮೇಲ್, ಆರ್‌ಸಿ ಪ್ರತಿ ಮತ್ತೆ ಮತ್ತೆ, ಹತ್ತಿರ ಹತ್ತಿರ ಒಂದು ತಿಂಗಳು ಎಳೆದರು. ಅಷ್ಟರಲ್ಲಿ ಏನಾದರೂ ಆಗಿದ್ದರೆ ಎಂಬ ಚಿಂತೆಗೆ ಆ ತಿಂಗಳೆಲ್ಲ ಕಾರು ಹೆಚ್ಚು ತೆಗೆಯಲಿಲ್ಲ. ಆಮೇಲಿಂದ ಪಿಡಿಎಫ್ ಬಂದ ದಿನವೇ ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಅಂಕೆಯ ಮೇಲೂ ಪೆನ್ನು ಇಟ್ಟು ನೋಡುತ್ತೇನೆ.

ನಿಜವಾದ ದುಡ್ಡು ಇರುವುದು ಎನ್‌ಸಿಬಿಯಲ್ಲಿ. ಕ್ಲೇಮ್ ಇಲ್ಲದೆ ಕಳೆದ ಒಂದೊಂದು ವರ್ಷಕ್ಕೂ ಅದು ಶೇ 20, 25, 35, 45, 50 ಎಂದು ಮೆಟ್ಟಿಲು ಏರುತ್ತದೆ. 2023ರಲ್ಲಿ ಹಿಂದಿನ ಬಂಪರಿಗೆ ಆಟೋ ತಾಗಿ ಒಡೆಯಿತು, 6,000 ಖರ್ಚು. ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಕಡ್ಡಾಯ ಕಡಿತದ ಸಾವಿರ ಹೋಗಿ 5,000 ಬರುತ್ತಿತ್ತು. ಕ್ಲೇಮ್ ಮಾಡು ಎಂದು ಎಲ್ಲರೂ ಹೇಳಿದರು. ನಾನು ಕಾಗದ ಹಿಡಿದು ಕೂತೆ. ಆಗ ನನ್ನದು ಶೇ 35, ಮುಂದಿನದು 45. ಕ್ಲೇಮ್ ಮಾಡಿದರೆ 45ರ ಬದಲು ಸೊನ್ನೆ, ಅದರ ಮರುವರ್ಷ 50ರ ಬದಲು 20, ಆಮೇಲೆ 25, 35, 45. ಐದು ವರ್ಷದಲ್ಲಿ ಕಳೆದುಕೊಳ್ಳುವುದು 45, 30, 25, 15, 5, ಒಟ್ಟು 120. ಎನ್‌ಸಿಬಿ ಕಳೆಯುವ ಮುಂಚಿನ ಓನ್ ಡ್ಯಾಮೇಜ್ 6,000 ಎಂದಿಟ್ಟುಕೊಂಡರೆ 7,200, ಜಿಎಸ್‌ಟಿ ಬೇರೆ. ವರ್ಷ ವರ್ಷ ಐಡಿವಿ ಇಳಿಯುವುದನ್ನು ಲೆಕ್ಕಕ್ಕೆ ಹಿಡಿದರೂ 5,000ಕ್ಕೋಸ್ಕರ ಅದನ್ನು ಬಿಡುವಂತಿರಲಿಲ್ಲ. ಕೈಯಿಂದಲೇ ಹಾಕಿಸಿದೆ. 2024ರಲ್ಲಿ ಶೇ 50 ಮುಟ್ಟಿದೆ. ಆ ವರ್ಷ ಶೋರೂಮಿನ ಕೋಟ್ 16,000 ದಾಟಿತ್ತು, ನಾನು ಕಟ್ಟಿದ್ದು ಥರ್ಡ್ ಪಾರ್ಟಿ ಸೇರಿ 8,500ರ ಹತ್ತಿರ.

ಆ 8,500ರಲ್ಲಿ ಆಡ್-ಆನ್, ಅಂದರೆ ಹೆಚ್ಚುವರಿ ಕವರ್, ಎರಡೇ. ಝೀರೋ ಡೆಪ್ ಮತ್ತು ಎಂಜಿನ್ ಪ್ರೊಟೆಕ್ಟ್. ಕೀ ಕಳೆದರೆ, ಟೈರ್ ಹೋದರೆ, ಸಾಮಾನು ಕಳುವಾದರೆ ಎಂಬುದೆಲ್ಲ ತೆಗೆಸಿದೆ. ಆಫೀಸಿನ ಕಡೆಯಿಂದ ನನಗೆ 15 ಲಕ್ಷಕ್ಕಿಂತ ಹೆಚ್ಚಿನ ಅಪಘಾತ ವಿಮೆ ಇರುವುದರಿಂದ ಮಾಲೀಕ-ಚಾಲಕನ ಕಡ್ಡಾಯ ಅಪಘಾತ ಕವರನ್ನೂ ಘೋಷಣೆ ಕೊಟ್ಟು ಬಿಡಿಸಿದೆ. ಐದು ವರ್ಷ ತುಂಬಿದ ಕಾರಿಗೆ ಝೀರೋ ಡೆಪ್ ಸಿಗುವುದೇ ಇಲ್ಲ ಎಂದು ಶೋರೂಮಿನವರು ಅಡ್ಡಗೋಡೆ ಹಾಕಿದ್ದರು. ಕೊಡುವ ಕಂಪನಿಗಳಿವೆ, ಹುಡುಕಬೇಕು. ಹುಡುಕುವ ಮುಂಚೆ ನಾನು ಹೋಗುವುದು ಬಾಡಿ ಶಾಪಿಗೆ. ಯಾವ ಕಂಪನಿಯ ಸರ್ವೇಯರ್ (ನಷ್ಟ ಅಂದಾಜು ಮಾಡುವವರು) ಬೇಗ ಬರುತ್ತಾರೆ, ಯಾರ ಕ್ಯಾಶ್‌ಲೆಸ್ ಅಪ್ರೂವಲ್ (ಬಿಲ್ಲನ್ನು ನೇರ ಗ್ಯಾರೇಜಿಗೆ ಕಟ್ಟಲು ಒಪ್ಪಿಗೆ) ತಡವಾಗಿ ಕಾರುಗಳು ನಿಂತಿರುತ್ತವೆ ಎಂದು ಅಲ್ಲಿನ ಅಡ್ವೈಸರ್ ಬೆರಳು ಮಡಚಿ ಹೇಳುತ್ತಾರೆ. ಅವರು ಹೇಳಿದ ಮೂರು ಹೆಸರಿನ ಒಳಗೇ ನನ್ನ ಚೌಕಾಶಿ. ಕೊನೆಯ ಐನೂರು-ಆರುನೂರು ಇಳಿಸಲು ಫೋನಿನಲ್ಲಿ ಏನು ಹೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳತೊಡಗಿದರೆ ಅದು ನಡೆಯುವುದಿಲ್ಲ.

ಇನ್ನು ಆ ಕ್ಲೇಮ್. ಶಿರಾಡಿ ಘಾಟಿಯಲ್ಲಿ ಜೋರು ಮಳೆ, ಮುಂದಿನ ಗಾಡಿ ತಟ್ಟನೆ ನಿಂತಿತು, ನನ್ನ ಕಾರು ಜಾರಿ ಎಡಗಡೆ ತಡೆಗೋಡೆಗೆ ಹೋಗಿ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಅಲ್ಲೇ ನಂಬರ್ ಪ್ಲೇಟ್ ಕಾಣುವ ಹಾಗೆ ನಾಲ್ಕೂ ಕಡೆಯಿಂದ ಫೋಟೊ, ಒಂದು ವಿಡಿಯೊ, ಆಮೇಲೆ ಕಂಪನಿಗೆ ಫೋನ್, ಕ್ಲೇಮ್ ನಂಬರ್ ಬಂದ ಮೇಲೆಯೇ ಟೋ ಗಾಡಿ. ರೇಡಿಯೇಟರ್ ಸೋರುತ್ತಿತ್ತು. ನಿಧಾನಕ್ಕೆ ಓಡಿಸಿಕೊಂಡು ಹೋಗಿ ಎಂದು ದಾರಿಹೋಕರು ಹೇಳಿದರು, ನಾನು ಕೀ ಮುಟ್ಟಲಿಲ್ಲ. ಓಡಿಸಿದ್ದರಿಂದ ಎಂಜಿನ್ ಸೀಜ್ ಆದರೆ ಅದು ಅಪಘಾತದ ನಷ್ಟ ಅಲ್ಲ ಎಂದು ತಳ್ಳಿಹಾಕಲು ಅವರಿಗೆ ದಾರಿ ಸಿಗುತ್ತದೆ. ಮಾರನೇ ದಿನ ಸಂಜೆ ಸರ್ವೇಯರ್ ಬಂದರು. ಬಾನೆಟ್, ಫೆಂಡರ್, ಬಂಪರ್, ಹೆಡ್‌ಲೈಟ್, ರೇಡಿಯೇಟರ್, ಪಾರ್ಟ್ಸ್ ಮಾತ್ರ 36,000 ಇರಬೇಕು. ಝೀರೋ ಡೆಪ್ ಇಲ್ಲದಿದ್ದರೆ ಐದು ವರ್ಷ ದಾಟಿದ ಕಾರಿನ ಲೋಹಕ್ಕೆ ಶೇ 40, ಪ್ಲಾಸ್ಟಿಕ್ಕಿಗೆ 50 ಕಡಿತ, ಅಂದರೆ 16,000ದಷ್ಟು ನನ್ನ ತಲೆಗೆ. ನಾನು ಕೊಟ್ಟಿದ್ದು ಕಡ್ಡಾಯದ 1,000, ಮತ್ತೆ ಕೂಲಂಟ್, ಕ್ಲಿಪ್ಪು, ನಟ್ಟುಗಳಿಗೆ ಸಾವಿರದ ಮೇಲೆ ಸ್ವಲ್ಪ. ಬಾಗಿಲ ರಬ್ಬರ್ ಬೀಡಿಂಗ್ ಹಳೇ ಸವೆತ ಎಂದು ಬಿಟ್ಟರು, ಅದು ಹೌದು ಕೂಡ.

ಕ್ಲೇಮ್ ಆಯಿತಲ್ಲ, ಮುಂದಿನ ಪ್ರೀಮಿಯಂ ನೋಡು ಎಂದು ಎಲ್ಲರೂ ಹೇಳಿದರು. ಎನ್‌ಸಿಬಿ ಸೊನ್ನೆಯಾಗಿ ಅಕ್ಟೋಬರಿನಲ್ಲಿ 11,000ದ ಆಸುಪಾಸು ಬಂತು. ಶೋರೂಮಿನಲ್ಲಿ 18,000 ಹೇಳಿದ್ದರು.

ಮಾರಾಟಕ್ಕೆ ಯೋಚಿಸುತ್ತಿರುವವರಿಗೆ ಒಂದು ಮಾತು. ಎನ್‌ಸಿಬಿ ಕಾರಿನದಲ್ಲ, ಮಾಲೀಕನದು. ನಮ್ಮ ಆಫೀಸಿನ ಗೆಳೆಯರೊಬ್ಬರು ಶೇ 50 ಇದ್ದ ಹಳೇ ಕಾರು ಮಾರಿ ಹೊಸದು ಬುಕ್ ಮಾಡಿದ್ದರು, ಡೀಲರ್ ಈ ವಿಷಯ ಎತ್ತಿರಲೇ ಇಲ್ಲ. ಹಳೇ ಕಂಪನಿಗೆ ಮಾರಾಟದ ಕಾಗದ ಕೊಟ್ಟು ಎನ್‌ಸಿಬಿ ರಿಸರ್ವಿಂಗ್ ಲೆಟರ್ (ಆ ರಿಯಾಯಿತಿಯನ್ನು ಮುಂದಿನ ಕಾರಿಗೆ ಕಾಯ್ದಿಡುವ ಪತ್ರ) ತರಿಸಿಕೊಳ್ಳಲು ಹೇಳಿದೆ. ಹೊಸ ಕಾರಿನ ಓನ್ ಡ್ಯಾಮೇಜಿನಲ್ಲಿ ಅವರಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಇಳಿಯಿತು. ಆ ಪತ್ರ ಮೂರು ವರ್ಷ ನಡೆಯುತ್ತದೆ. ಆದರೆ ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದೆ ಬಿಟ್ಟ ಕಾರಿನ ಎನ್‌ಸಿಬಿಗೆ ಯಾರೂ ಪತ್ರ ಕೊಡುವುದಿಲ್ಲ, ಆದ್ದರಿಂದ ಕಾರು ಮಾರುವವರೆಗೂ ಪಾಲಿಸಿ ಜೀವಂತ ಇರಲಿ.