ಮಕ್ಕಳು ಹಾಸ್ಟೆಲ್‌ಗೆ ಹೊರಟ್ರಾ? ಮನೆ ಲೆಕ್ಕ ಈಗಲೇ ಬದಲಾಯಿಸಿ

ದಾವಣಗೆರೆಯಿಂದ ಮಕ್ಕಳನ್ನ ಬೆಂಗಳೂರು, ಮೈಸೂರು ಕಾಲೇಜಿಗೆ ಕಳಿಸ್ತಿರೋ ಅಕ್ಕ, ಅಣ್ಣಂದಿರಿಗೆ ಒಂದು ಮಾತು. ಮನೇಲಿ ಒಬ್ಬರು ಕಮ್ಮಿ ಆದ್ರು, ಆ ದುಡ್ಡಲ್ಲೇ ಹಾಸ್ಟೆಲ್ ಕಟ್ಟಬಹುದು ಅಂತ ನೆಚ್ಚಿಕೊಂಡು ಕೂರಬೇಡಿ. ಬಾಡಿಗೆ, ಕೇಬಲ್, ನೀರಿನ ಬಿಲ್ ಹಾಗೇ ಇರುತ್ತೆ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರ್ತಿದ್ರೆ ಅಲ್ಲೂ ಉಳಿಯೋದು ಏನಿಲ್ಲ. ಇಳಿಯೋದು ಹಾಲು, ತರಕಾರಿ, ಸಂಜೆಯ ಮಂಡಕ್ಕಿ-ಮಿರ್ಚಿ, ಟ್ಯೂಷನ್ ಫೀಸು. ಅದೂ ತಾನಾಗಿ ಇಳಿಯಲ್ಲ. ಒಂದು ಲೀಟರ್ ಹಾಲು ಹಾಕೋರಿಗೆ ಅರ್ಧ ಸಾಕು ಅಂತ ನಾವೇ ಹೇಳಬೇಕು, ದಿನಸಿ ಚೀಟಿ ಹೊಸದಾಗಿ ಬರೀಬೇಕು.

ಕಷ್ಟ ಇರೋದು ಫೀಸು, ಡಿಪಾಸಿಟ್, ಮೆಸ್ ಅಡ್ವಾನ್ಸ್ ಎಲ್ಲಾ ಒಂದೇ ಸಲ ಮೈಮೇಲೆ ಬೀಳೋದ್ರಲ್ಲಿ. ಅದಕ್ಕೆ ನನ್ನ ಸಲಹೆ: ಮುಂದಿನ ವರ್ಷದ ಫೀಸಿಗೆ ಈ ತಿಂಗಳೇ ಬ್ಯಾಂಕಲ್ಲಿ ಒಂದು ಆರ್‌ಡಿ (ತಿಂಗಳು ತಿಂಗಳು ಇಷ್ಟು ಅಂತ ದುಡ್ಡು ಕಟ್ಟೋ ಠೇವಣಿ) ಶುರು ಮಾಡಿ, ಫೀಸು ಕಟ್ಟೋ ತಿಂಗಳಿಗಿಂತ ಮುಂಚೆ ಕೈಗೆ ಬರೋ ಹಾಗೆ ಅವಧಿ ಇಡಿ. ಸಾಲಕ್ಕೆ ಓಡಾಡೋದು ತಪ್ಪುತ್ತೆ.

ಸೇರಿಸುವಾಗಲೇ ವಾರ್ಡನ್ ಹತ್ರ ಕೇಳಿ: ದಸರಾ, ದೀಪಾವಳಿ ರಜೆಗೆ ಊರಿಗೆ ಬಂದ್ರೆ ಮೆಸ್ ದುಡ್ಡು ಕಡಿತ ಮಾಡ್ತಾರಾ, ಎಷ್ಟು ದಿನ ಮುಂಚೆ ಬರೆದುಕೊಡಬೇಕು? ಡಿಪಾಸಿಟ್ ರಸೀದಿ ಜೋಪಾನ, ವಾಪಸ್ ಪಡೆಯೋಕೆ ಅದು ಬೇಕೇ ಬೇಕು.

ಹೆಣ್ಣುಮಕ್ಕಳಿಗೆ ಕೆಂಪು ಬಸ್ಸಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತೆ, ರಾಜಹಂಸ, ಐರಾವತಕ್ಕೆ ಇಲ್ಲ. ಗಂಡುಮಕ್ಕಳ ಓಡಾಟದ ಖರ್ಚು ಬೇರೆ ಎತ್ತಿಡಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ವೆಬ್‌ಸೈಟ್ ಆದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕೋ ಮುಂಚೆ ಮಗುವಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡ್ಕೊಳ್ಳಿ.