ಲೋಹದ ತೂತಿಗೆ ನೆಟ್ಟಗೆ ಥ್ರೆಡ್ ಹಾಕುವುದು ಹೇಗೆ?

ಕೈಯಿಂದ ಹಾಕಿದ ಥ್ರೆಡ್ (ಬೋಲ್ಟ್ ಕೂರಲು ತೂತಿನೊಳಗೆ ಕೊರೆಯುವ ಸುರುಳಿ ಎಳೆ) ವಾಲುವುದು ಬಹುಮಟ್ಟಿಗೆ ಅದನ್ನು ಕೊರೆಯುವ ಉಪಕರಣವಾದ ಟ್ಯಾಪಿನ ಮೊದಲ ಎರಡು ಮೂರು ಸುತ್ತುಗಳಲ್ಲಿ. ಅಷ್ಟರೊಳಗೆ ಟ್ಯಾಪ್ ನೆಟ್ಟಗೆ ಕಚ್ಚಿಕೊಂಡರೆ, ಮುಂದೆ ತಾನು ಕೊರೆದ ಎಳೆಯನ್ನೇ ಹಿಡಿದು ಇಳಿಯುತ್ತದೆ. ವಾಲಿ ಕಚ್ಚಿಕೊಂಡ ಟ್ಯಾಪನ್ನು ಆಮೇಲೆ ಬಲವಂತವಾಗಿ ನೆಟ್ಟಗೆ ಮಾಡಲು ಹೋದರೆ, ಗಟ್ಟಿಯಾದರೂ ಪೆಡಸಾದ ಅದು ಮುರಿದು ತೂತಿನೊಳಗೇ ಉಳಿಯುತ್ತದೆ.

12 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿಯಲ್ಲಿ ಎಂ6 (6 ಮಿ.ಮೀ. ವ್ಯಾಸದ) ಬೋಲ್ಟಿಗೆ ಆರಪಾರ ಥ್ರೆಡ್ ಬೇಕೆಂದುಕೊಳ್ಳೋಣ. ಬೋಲ್ಟಿನ ಅಳತೆಯಿಂದ ಪಿಚ್ (ಪಕ್ಕಪಕ್ಕದ ಎಳೆಗಳ ನಡುವಿನ ಅಂತರ) ಕಳೆದರೆ ಡ್ರಿಲ್ ಬಿಟ್ಟಿನ ಅಳತೆ ಸಿಗುತ್ತದೆ: ಎಂ6ರ ಸಾಮಾನ್ಯ ಪಿಚ್ 1 ಮಿ.ಮೀ. ಆದ್ದರಿಂದ 5 ಮಿ.ಮೀ. ಬಿಟ್ ಬೇಕು. ಎಂ5ಕ್ಕೆ 4.2, ಎಂ8ಕ್ಕೆ 6.8 ಮಿ.ಮೀ. ಬಿಟ್ ಬಳಸುವುದು ರೂಢಿ.

ಸೆಂಟರ್ ಪಂಚ್‌ನಿಂದ ಗುರುತು ಹಾಕಿ, ಪಟ್ಟಿಯನ್ನು ವೈಸ್‌ನಲ್ಲಿ ಬಿಗಿದು, ವೈಸನ್ನೂ ಡ್ರಿಲ್ಲಿಂಗ್ ಮೆಷಿನ್ನಿನ ಮೇಜಿಗೆ ಕಟ್ಟಿ ತೂತು ಕೊರೆಯಿರಿ. ಬಳಿಕ ಕೌಂಟರ್‌ಸಿಂಕ್ ಬಿಟ್ಟಿನಿಂದ ತೂತಿನ ಬಾಯನ್ನು 6 ಮಿ.ಮೀ.ಗಿಂತ ತುಸು ಹೆಚ್ಚು ಅಗಲಿಸಿ. ಈಗ ಪಟ್ಟಿಯನ್ನು ಕದಲಿಸಬೇಡಿ. ಈ ಲೇಖನದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದೇ. ಮೆಷಿನ್ನಿನ ಪ್ಲಗ್ ಕಿತ್ತು, ಬಿಟ್ ತೆಗೆದ ಚಕ್ಕಿಗೆ ಟೇಪರ್ ಟ್ಯಾಪನ್ನು (ತುದಿಯತ್ತ ಕಿರಿದಾಗುತ್ತಾ ಹೋಗುವ ಟ್ಯಾಪ್) ಸಿಕ್ಕಿಸಿ, ಒಂದು ಕೈಯಿಂದ ಲಿವರನ್ನು ಹಗುರವಾಗಿ ಒತ್ತುತ್ತಾ ಇನ್ನೊಂದು ಕೈಯಿಂದ ಚಕ್ಕನ್ನು ಎರಡು ಮೂರು ಸುತ್ತು ತಿರುಗಿಸಿ. ತೂತು ಕೊರೆದ ಗೆರೆಯಲ್ಲೇ ಟ್ಯಾಪ್ ಇಳಿಯುವುದರಿಂದ ಕಣ್ಣಂದಾಜಿನ ತಪ್ಪಿಗೆ ಅವಕಾಶವಿರುವುದಿಲ್ಲ. ಚಕ್ ಸಡಿಲಿಸಿ ಮೇಲೆತ್ತಿ, ಉಳಿದದ್ದನ್ನು ಟ್ಯಾಪ್ ಹ್ಯಾಂಡಲಿನಿಂದ ಮುಗಿಸಿ.

ಅಂಥ ಮೆಷಿನ್ ಇಲ್ಲದವರು 25 ಮಿ.ಮೀ. ದಪ್ಪದ ಕಬ್ಬಿಣದ ತುಂಡೊಂದಕ್ಕೆ ವರ್ಕ್‌ಶಾಪಿನಲ್ಲಿ 6.2 ಮಿ.ಮೀ. ತೂತು ನೆಟ್ಟಗೆ ಕೊರೆಸಿಟ್ಟುಕೊಂಡು, ಅದನ್ನು ಪಟ್ಟಿಯ ಮೇಲೆ ಕ್ಲ್ಯಾಂಪ್ ಮಾಡಿ ಅದರೊಳಗಿಂದ ಟ್ಯಾಪ್ ಇಳಿಸಬಹುದು. ಅದೂ ಇಲ್ಲದಿದ್ದರೆ, ಎರಡು ಸುತ್ತಾದ ಮೇಲೆ ಹ್ಯಾಂಡಲ್ ಕಳಚಿ, ಟ್ಯಾಪಿನ ನುಣುಪಾದ ದಂಡಿಗೆ ಟ್ರೈ ಸ್ಕ್ವೇರನ್ನು (ಲಂಬಕೋನ ನೋಡುವ ಸಾಧನ) ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಹಿಡಿದು ನೋಡಿ. ಮುಂದಿನಿಂದ ಮಾತ್ರ ನೋಡಿ ತೃಪ್ತನಾಗಿ ನಾನೊಂದು ಅಲ್ಯೂಮಿನಿಯಂ ಬ್ರಾಕೆಟ್ ಕೆಡಿಸಿದ್ದೇನೆ: ಬೋಲ್ಟಿನ ತಲೆ ಒಂದು ಅಂಚಿನಲ್ಲಿ ಕೂತಿತ್ತು, ಎದುರಿನ ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಉಳಿದಿತ್ತು.

ಹ್ಯಾಂಡಲಿನ ಎರಡೂ ತುದಿಗಳ ಮೇಲೆ ಸಮನಾದ ಬಲವಿರಲಿ. ಅರ್ಧ ಸುತ್ತು ಮುಂದೆ ಹೋಗಿ, ಲೋಹದ ಚೂರು ಟಿಕ್ಕೆಂದು ಮುರಿದದ್ದು ಅಂಗೈಗೆ ತಿಳಿಯುವವರೆಗೆ ಹಿಂದೆ ಬನ್ನಿ. ಉಕ್ಕಿಗೆ ಕಟಿಂಗ್ ಆಯಿಲ್, ಅಲ್ಯೂಮಿನಿಯಂಗೆ ಸೀಮೆಎಣ್ಣೆ ಬಳಸಿ. ಬೀಡು ಕಬ್ಬಿಣಕ್ಕೆ ಎಣ್ಣೆ ಬೇಡ. ತಿರುಗಿಸಲು ಬಿಗಿಯಾದರೆ ಬಲ ಹೆಚ್ಚಿಸದೆ ಟ್ಯಾಪನ್ನು ಪೂರ್ತಿ ಹೊರತೆಗೆದು ಚೂರುಗಳನ್ನು ಬ್ರಶ್ಶಿನಿಂದ ತೆಗೆಯಿರಿ.

ಆರಪಾರವಲ್ಲದ ತೂತಾದರೆ ಬೇಕಾದ ಥ್ರೆಡ್ಡಿಗಿಂತ ಕೆಲವು ಮಿ.ಮೀ. ಆಳವಾಗಿ ಕೊರೆದು, ಟೇಪರ್, ಸೆಕೆಂಡ್, ಬಾಟಮಿಂಗ್ (ತಳದ ಹತ್ತಿರದವರೆಗೂ ಎಳೆ ಕೊರೆಯುವ) ಟ್ಯಾಪುಗಳನ್ನು ಇದೇ ಕ್ರಮದಲ್ಲಿ ಇಳಿಸಬೇಕು.

ಕೊನೆಗೆ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ತಲೆಯ ಸುತ್ತ ಕಾಗದದ ಚೂರನ್ನು ತೂರಿಸಲು ನೋಡಿ. ಅದು ಯಾವ ಬದಿಯಲ್ಲೂ ನುಸುಳದಿದ್ದರೆ ಥ್ರೆಡ್ ನೆಟ್ಟಗಿದೆ.